ಮೊದಲ ಬಾಡಿಗೆ ಮನೆ, ಕೈಯಲ್ಲಿ ಕಡಿಮೆ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಜಿ ಬಿಟ್ಟು ಬೆಂಗಳೂರಿನಲ್ಲಿ ಮೊದಲ ಸಲ ಬಾಡಿಗೆ ಮನೆ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಮೊದಲ ಮನೆ ಎರಡನೇ ಮಹಡಿಯಲ್ಲಿತ್ತು. ಒಂದು ಹಾಲ್, ಒಂದು ರೂಮು, ಇಬ್ಬರು ನಿಂತರೆ ಭುಜ ತಾಗುವಷ್ಟು ಅಡುಗೆಮನೆ. ಅಡ್ವಾನ್ಸ್ ಕೊಟ್ಟ ಮೇಲೆ ಕೈಯಲ್ಲಿ ಉಳಿದಿದ್ದು ಸುಮಾರು 30 ಸಾವಿರ. ಅದರಲ್ಲಿ ಸ್ವಲ್ಪ ಹಣ ಬೇಡದ ಕಡೆ ಹೋಯಿತು. ಆಮೇಲೆ ತಮ್ಮನಿಗೆ, ಆಫೀಸಿನ ಗೆಳೆಯರಿಗೆ ಮನೆ ಜೋಡಿಸಿಕೊಡುವಾಗ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬಂದವು. ಇಲ್ಲಿ ಹೇಳಿರುವ ಬೆಲೆಗಳೆಲ್ಲ ಅಂದಾಜು. ಏರಿಯಾ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ.

ಮನೆ ನೋಡುವಾಗಲೇ ಸಾಮಾನಿನ ಖರ್ಚು ಉಳಿಸಬಹುದಾ?

ಖಂಡಿತ. ನನ್ನ ಲೆಕ್ಕದಲ್ಲಿ ಜಾಸ್ತಿ ಉಳಿಯುವುದೇ ಇಲ್ಲಿ. ಎಲ್ಲರೂ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಮನೆಯಲ್ಲಿ ಏನಿದೆ ಅಂತ ತಲೆ ಎತ್ತಿ ನೋಡುವುದಿಲ್ಲ. ಗೋಡೆ ಕಪಾಟು ಇದೆಯಾ? ಅಡುಗೆಮನೆಯಲ್ಲಿ ಕಡಪ ಕಲ್ಲಿನ ಹಲಗೆ ಇದೆಯಾ? ಸಜ್ಜಾ ಇದೆಯಾ? ಫ್ಯಾನ್, ಟ್ಯೂಬ್‌ಲೈಟ್ ಬಿಟ್ಟುಕೊಡುತ್ತಾರಾ, ಇಲ್ಲಾ ಬರೀ ವೈರ್ ನೇತಾಡುತ್ತಿದೆಯಾ? ಪರದೆ ಹಾಕಲು ರಾಡ್ ಇದೆಯಾ? ಕಿಟಕಿಗೆ ಸೊಳ್ಳೆ ಜಾಲರಿ, ಬಾತ್‌ರೂಮಿಗೆ ಗೀಸರ್?

ತಿಂಗಳಿಗೆ 500 ರೂಪಾಯಿ ಜಾಸ್ತಿ ಬಾಡಿಗೆ ಇದ್ದರೂ ಕಪಾಟು ಇರುವ ಮನೆಯೇ ಅಗ್ಗ ಬೀಳಬಹುದು. 11 ತಿಂಗಳ ಅಗ್ರಿಮೆಂಟಿಗೆ ಅದು 5,500 ರೂಪಾಯಿ. ಆ ದುಡ್ಡಿಗೆ ಗಟ್ಟಿಯಾದ ಹೊಸ ಸ್ಟೀಲ್ ಬೀರು ಸಿಗುವುದಿಲ್ಲ. ಬೀರುವನ್ನು ಮುಂದಿನ ಮನೆಗೆ ಸಾಗಿಸುವ ಖರ್ಚು ಬೇರೆ.

ಇನ್ನೊಂದು ವಿಷಯ, ಪ್ಲಗ್ ಪಾಯಿಂಟ್ ನೋಡಿ. ಅಡುಗೆಮನೆಯಲ್ಲಿ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಒಂದಾದರೂ ಇರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಷಾಢದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಲು ನಮ್ಮ ಕಡೆ ತುಂಬಾ ಜನ ಒಪ್ಪುವುದಿಲ್ಲ. ನಿಮಗೆ ಆ ಕಟ್ಟುಪಾಡು ಇಲ್ಲದಿದ್ದರೆ ಆ ತಿಂಗಳಲ್ಲಿ ಮನೆ ಹುಡುಕಿ. ಟು-ಲೆಟ್ ಬೋರ್ಡ್ ಹಾಕಿಕೊಂಡು ಕಾಯುತ್ತಿರುವ ಓನರ್ ಅಡ್ವಾನ್ಸ್ ವಿಷಯದಲ್ಲಿ ಸ್ವಲ್ಪ ಬಗ್ಗುತ್ತಾರೆ. ಬಟ್ಟೆ, ಪರದೆ, ಫ್ರಿಜ್ ಅಂಗಡಿಗಳಲ್ಲೂ ಆಗ ಆಷಾಢದ ರಿಯಾಯಿತಿ ಇರುತ್ತದೆ.

ಮೊದಲ ದಿನ ಏನೇನು ಇರಲೇಬೇಕು?

ಬಲ್ಬು. ಇದನ್ನೇ ಎಲ್ಲರೂ ಮರೆಯುತ್ತಾರೆ. ಹಿಂದಿನವರು ಖಾಲಿ ಮಾಡುವಾಗ ಬಲ್ಬು ಬಿಚ್ಚಿಕೊಂಡು ಹೋಗಿರುತ್ತಾರೆ. ಸಂಜೆ ಏಳಕ್ಕೆ ಸಾಮಾನು ಇಳಿಸಿ ಸ್ವಿಚ್ ಒತ್ತಿದರೆ ಕತ್ತಲೆ. ಎರಡು 9 ವ್ಯಾಟ್ ಎಲ್‌ಇಡಿ ಬಲ್ಬು ಬ್ಯಾಗಿನಲ್ಲೇ ಇರಲಿ.

ಆಮೇಲೆ ಒಂದು ಬೀಗ. ಹಳೇ ಬೀಗದ ಕೀ ಯಾರ್ಯಾರ ಹತ್ತಿರ ಇದೆಯೋ ಗೊತ್ತಿರುವುದಿಲ್ಲ, ಅಲ್ವಾ? ಪೊರಕೆ, ನೆಲ ಒರೆಸುವ ಬಟ್ಟೆ, ಬಕೆಟ್, ಚೊಂಬು, ಚಾಪೆ, ಬೆಡ್‌ಶೀಟ್, ಕುಡಿಯೋ ನೀರಿನ ಒಂದು ಕ್ಯಾನ್, ಎಕ್ಸ್‌ಟೆನ್ಷನ್ ಬೋರ್ಡ್. ಹಾಲು ಉಕ್ಕಿಸಲು ಒಂದು ಸಣ್ಣ ಪಾತ್ರೆ. ನಾನು ಪಕ್ಕದ ಮನೆಯವರ ಸ್ಟವ್ ಕೇಳಿ ತಂದು ಹಾಲು ಉಕ್ಕಿಸಿದೆ. ಅರ್ಧ ಲೀಟರ್ ನಂದಿನಿ ಪ್ಯಾಕೆಟ್, ಉಕ್ಕಿದ ಮೇಲೆ ಸಕ್ಕರೆ ಹಾಕಿ ಅವರಿಗೂ ಕೊಟ್ಟೆ. ಆ ಸ್ಟವ್ ವಾಪಸ್ ಕೊಡಲು ಹೋದಾಗಲೇ ಕಾವೇರಿ ನೀರು ಯಾವ ದಿನ ಬರುತ್ತದೆ, ಕಸದ ಗಾಡಿ ಎಷ್ಟು ಗಂಟೆಗೆ, ಒಳ್ಳೇ ಕಾರ್ಪೆಂಟರ್ ಯಾರು ಅಂತ ಎಲ್ಲ ತಿಳಿಯಿತು.

ಕೈಯಲ್ಲಿ 30 ಸಾವಿರ ಇದೆ. ಹೇಗೆ ಹಂಚಲಿ?

ಮೊದಲ ವಾರ ಅರ್ಧದಷ್ಟು ಮಾತ್ರ ಖರ್ಚು ಮಾಡಿ. ಉಳಿದ ಅರ್ಧವನ್ನು ಒಂದು ತಿಂಗಳು ಮುಟ್ಟಬೇಡಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಿ.

ಕಾರಣ ಇದೆ. ಖಾಲಿ ಮನೆ ನೋಡಿದರೆ ತುಂಬಿಸಬೇಕು ಅನ್ನಿಸುತ್ತದೆ. ಆದರೆ ಆ ಮನೆಯಲ್ಲಿ ನೀವು ಎಲ್ಲಿ ಕೂರುತ್ತೀರಿ, ಎಲ್ಲಿ ಊಟ ಮಾಡುತ್ತೀರಿ, ಲ್ಯಾಪ್‌ಟಾಪ್ ಎಲ್ಲಿ ಇಡುತ್ತೀರಿ ಅನ್ನುವುದು ಬದುಕಿ ನೋಡದೆ ಗೊತ್ತಾಗುವುದಿಲ್ಲ. ನಾನು ಹಾಲ್‌ನಲ್ಲಿ ಕೂರುತ್ತೇನೆ ಅಂದುಕೊಂಡಿದ್ದೆ. ನಿಜವಾಗಿ ಇಡೀ ದಿನ ಕಳೆದದ್ದು ರೂಮಿನ ಪೂರ್ವದ ಕಿಟಕಿಯ ಹತ್ತಿರ, ಚಾಪೆಯ ಮೇಲೆ. ಅಲ್ಲಿ ಗಾಳಿ ಇತ್ತು, ಬೆಳಕಿತ್ತು, ಮೊಬೈಲ್ ಸಿಗ್ನಲ್ ಸಿಗುತ್ತಿತ್ತು. ಒಂದು ತಿಂಗಳಾದ ಮೇಲೆ ಆ ಕಿಟಕಿಗೆ ಸರಿಯಾಗಿ ಒಂದು ಮೇಜು ತಂದೆ. ಮೊದಲೇ ತಂದಿದ್ದರೆ ಹಾಲ್‌ನಲ್ಲಿ ಬಿದ್ದಿರುತ್ತಿತ್ತು.

ಮೊದಲ ವಾರದ 15 ಸಾವಿರದಲ್ಲಿ ನನ್ನ ಹಂಚಿಕೆ ಹೀಗೆ: ಹಾಸಿಗೆ, ದಿಂಬು, ಹೊದಿಕೆಗೆ 6 ಸಾವಿರ. ಸ್ಟವ್, ಕುಕ್ಕರ್, ಪಾತ್ರೆಗಳಿಗೆ 5 ಸಾವಿರ. ಬಲ್ಬು, ಪರದೆ, ಬಕೆಟ್, ಪೊರಕೆ, ಬೀಗ, ಹಗ್ಗ, ಡಬ್ಬಿ ಇಂಥವಕ್ಕೆ 3 ಸಾವಿರ. ಮಿಕ್ಕ ಒಂದು ಸಾವಿರ ಟಾಟಾ ಏಸ್ ಬಾಡಿಗೆಗೆ, ಹತ್ತಿಸಿ ಇಳಿಸುವವರಿಗೆ. ಮೈಗೆ ತಾಗುವುದು, ಹೊಟ್ಟೆಗೆ ಹೋಗುವುದು, ಫ್ರಿಜ್ ಬಿಟ್ಟು ಕರೆಂಟಿಗೆ ಸೇರಿದ್ದು, ಈ ಮೂರಕ್ಕೆ ಹೊಸದು ತಗೊಳ್ಳಿ. ಮೇಜು, ಕುರ್ಚಿ, ಶೆಲ್ಫು, ಟ್ರಂಕು ಹಳೇದಾದರೂ ನಡೆಯುತ್ತದೆ.

ಮಂಚ ಮೊದಲಾ, ಹಾಸಿಗೆ ಮೊದಲಾ?

ಹಾಸಿಗೆ. ಮಂಚ ಆರು ತಿಂಗಳು ಬಿಟ್ಟು ಬಂದರೂ ಏನೂ ಆಗುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಹಾಸಿಗೆ ಹಾಕಿ ಮಲಗಿ. ಒಂದೇ ಎಚ್ಚರಿಕೆ, ಬೆಳಿಗ್ಗೆ ಎದ್ದ ಮೇಲೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಮೈಯ ಬೆವರು, ನೆಲದ ತೇವ ಸೇರಿ ಕೆಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಅದು ಬೇಗ. ಮಂಗಳೂರು, ಉಡುಪಿ ಕಡೆ ಮನೆ ಮಾಡುವವರು ಮಾತ್ರ ನೆಲದ ಹಾಸಿಗೆ ಬೇಡ, ಮೊದಲೇ ಒಂದು ಮಂಚ ನೋಡಿಕೊಳ್ಳಿ.

ಒಬ್ಬರಿಗೆ 72 × 36 ಇಂಚಿನ ಹಾಸಿಗೆ ಸಾಕು. ಕ್ವೀನ್ ಸೈಜ್ 78 × 60 ಇಂಚು. ಸಣ್ಣ ರೂಮಿನಲ್ಲಿ ಅದು ಬಂದರೆ ಓಡಾಡಲು ಜಾಗ ಉಳಿಯುವುದಿಲ್ಲ. ತೆಂಗಿನ ನಾರಿನ ಹಾಸಿಗೆ ಗಟ್ಟಿ, ಬಾಳಿಕೆ ಚೆನ್ನಾಗಿದೆ. ಹತ್ತಿ ಹಾಸಿಗೆ ಊರಿನಿಂದ ಬಂದರೆ ಅದರಷ್ಟು ಒಳ್ಳೇದು ಇಲ್ಲ. ಗಂಟು ಕಟ್ಟಿದಾಗ ಹಿಂಜಿಸಿ ಮತ್ತೆ ತುಂಬಿಸಬಹುದು. ಹಳೇ ಹಾಸಿಗೆ ಮಾತ್ರ ಯಾರು ಪುಕ್ಕಟೆ ಕೊಟ್ಟರೂ ತಗೋಬೇಡಿ.

ಸೆಕೆಂಡ್ ಹ್ಯಾಂಡ್ ಸಾಮಾನು ಎಲ್ಲಿ ಸಿಗುತ್ತದೆ? ನಂಬಬಹುದಾ?

ಮೊದಲು ಜನರನ್ನು ಕೇಳಿ, ಆಮೇಲೆ ಅಂಗಡಿ. ಬೆಂಗಳೂರಿನಲ್ಲಿ ಪ್ರತಿ ತಿಂಗಳ ಕೊನೆಗೆ ಯಾರಾದರೂ ಊರು ಬಿಡುತ್ತಿರುತ್ತಾರೆ. ಆಫೀಸಿನ ಗುಂಪಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಮನೆ ಖಾಲಿ ಮಾಡುತ್ತಿದ್ದೇನೆ' ಅನ್ನೋ ಮೆಸೇಜು 25ನೇ ತಾರೀಖಿನಿಂದ ಶುರುವಾಗುತ್ತದೆ. 30ನೇ ತಾರೀಖಿಗೆ ಬೆಲೆ ಇಳಿದಿರುತ್ತದೆ. ಒಂದನೇ ತಾರೀಖಿಗೆ ಸುಮ್ನೆ ತಗೊಂಡು ಹೋಗಿ ಅನ್ನುವವರೂ ಇದ್ದಾರೆ. ಬಳಸಿದವರ ಮನೆಯಲ್ಲೇ ವಸ್ತು ನೋಡಬಹುದು, ಫ್ರಿಜ್ ಓಡುತ್ತಿರುವುದನ್ನು ಕಣ್ಣಾರೆ ಕಾಣಬಹುದು. ಅದಕ್ಕೇ ನನಗೆ ಈ ದಾರಿ ಇಷ್ಟ.

ಅಂಗಡಿ ಬೇಕಾದರೆ ಶಿವಾಜಿನಗರದ ಕಡೆ ಹಳೇ ಫರ್ನಿಚರ್ ನೋಡಿ. ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ ಹಳೇ ದೀಪ, ಗಡಿಯಾರ, ಹಿತ್ತಾಳೆ ಸಾಮಾನು, ಸಣ್ಣ ಸ್ಟೂಲು ಸಿಗುತ್ತವೆ. ಬೇಗ ಹೋಗಿ, ಬಿಸಿಲು ಏರಿದ ಮೇಲೆ ಒಳ್ಳೇದು ಉಳಿದಿರುವುದಿಲ್ಲ. ಹೊಸ ಬಲ್ಬು, ಸ್ವಿಚ್, ವೈರ್ ಬೇಕಾದರೆ ಅದೇ ರಸ್ತೆಯ ಸಗಟು ಅಂಗಡಿಗಳಿಗೆ ವಾರದ ದಿನ ಹೋಗಿ.

ಈಗ ತಿಗಣೆ ವಿಷಯ. ಒಂದು ಅಂಗಡಿಯಿಂದ ನಾನೊಂದು ಮರದ ಮಂಚ ತಂದೆ. ನೋಡಲು ಚೆನ್ನಾಗಿತ್ತು, ಪಾಲಿಶ್ ಹೊಳೆಯುತ್ತಿತ್ತು. ಎರಡು ವಾರಕ್ಕೆ ತೋಳಿನ ಮೇಲೆ ಸಾಲಾಗಿ ಕೆಂಪು ದದ್ದು. ಸೊಳ್ಳೆ ಅಂದುಕೊಂಡೆ. ಒಂದು ರಾತ್ರಿ ಟಾರ್ಚ್ ಹಾಕಿ ಮಂಚದ ಕಾಲು ಸೇರುವ ಸಂದಿ ನೋಡಿದೆ. ಸಾಸಿವೆ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು, ಒಣಗಿದ ಪೊರೆ, ಸ್ಕ್ರೂ ತೂತಿನೊಳಗೆ ಓಡಾಡುತ್ತಿದ್ದ ಎರಡು ತಿಗಣೆ. ಔಷಧಿ ಹೊಡೆಸಿದ ಖರ್ಚು ಮಂಚದ ಬೆಲೆಗಿಂತ ಜಾಸ್ತಿ ಆಯಿತು. ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ ಒಗೆದೆ.

ಅದಕ್ಕೇ ಹೇಳುತ್ತೇನೆ, ಹಳೇ ಮರದ ಸಾಮಾನು ಹಗಲಲ್ಲೇ ನೋಡಿ. ತಲೆಕೆಳಗು ಮಾಡಿಸಿ. ಟಾರ್ಚ್ ಹಿಡಿದು ಸಂದಿ, ಸ್ಕ್ರೂ ತೂತು, ಹಲಗೆಯ ಅಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ವಾಪಸ್ ಬನ್ನಿ, ಎಷ್ಟೇ ಅಗ್ಗವಾದರೂ ಬೇಡ. ಮರದ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಅದು ಹುಳು ಕೊರೆದ ಗುರುತು. ಬಟ್ಟೆ ಹೊದಿಸಿದ ಹಳೇ ಸೋಫಾ ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ, ಬಿಟ್ಟುಬಿಡಿ. ಕಬ್ಬಿಣ, ಪ್ಲಾಸ್ಟಿಕ್, ಗಾಜು ಇದ್ದರೆ ಧೈರ್ಯವಾಗಿ ತಗೊಳ್ಳಿ.

ಅಗ್ಗದ ಹೊಸ ಮೇಜು, ಶೆಲ್ಫು ಬಾಳಿಕೆ ಬರುತ್ತವಾ?

ಯಾವುದರಿಂದ ಮಾಡಿದ್ದು ಅಂತ ಕೇಳಿ. ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡ್ ನೀರು ತಾಗಿದರೆ ಉಬ್ಬುತ್ತದೆ. ಸ್ಕ್ರೂ ಒಂದು ಸಲ ಬಿಚ್ಚಿ ಹಾಕಿದರೆ ಸಡಿಲ. ಒಂದೇ ಕಡೆ ಇಟ್ಟು ಓದಲು ಬಳಸುವ ಮೇಜಿಗೆ ಸಾಕು. ಬಾತ್‌ರೂಮ್ ಪಕ್ಕ, ಸಿಂಕಿನ ಕೆಳಗೆ ಬೇಡ. ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಕಬ್ಬಿಣದ ಕಾಲು, ಪ್ಲೈವುಡ್ ಹಲಗೆ ಇರುವುದೇ ಒಳ್ಳೇದು. ನಾಗಸಂದ್ರ ಮೆಟ್ರೋ ಸ್ಟೇಷನ್ ಪಕ್ಕ 2022ರಲ್ಲಿ ಶುರುವಾದ ಐಕಿಯಾಗೆ ಸುಮ್ನೆ ಒಮ್ಮೆ ಹೋಗಿ ಬನ್ನಿ. ಸಣ್ಣ ರೂಮಿನಲ್ಲಿ ಸಾಮಾನು ಹೇಗೆ ಜೋಡಿಸಬಹುದು ಅಂತ ನೋಡಿ ಕಲಿಯಲು ಆ ಮಾದರಿ ಮನೆಗಳು ಸಹಾಯ ಮಾಡುತ್ತವೆ. ಟೇಪ್ ತಗೊಂಡು ಹೋಗಿ, ಅಳತೆ ಬರೆದುಕೊಂಡು ಬನ್ನಿ, ಅದೇ ಅಳತೆಗೆ ಲೋಕಲ್ ಕಾರ್ಪೆಂಟರ್ ಎಷ್ಟು ಕೇಳುತ್ತಾರೆ ವಿಚಾರಿಸಿ.

ಪುಸ್ತಕದ ಶೆಲ್ಫಿಗೆ ನನ್ನ ಉಪಾಯ ಬೇರೆ. ಕಟ್ಟಡದ ಕೆಲಸ ನಡೆಯುವ ಕಡೆ 4 ಇಂಚಿನ ಸಿಮೆಂಟ್ ಬ್ಲಾಕ್ ಎಂಟು ತಂದು, ನಡುವೆ ಎರಡು ಹಲಗೆ ಇಟ್ಟೆ. ಬ್ಲಾಕ್ ಕೆಳಗೆ ಹಳೇ ಬಟ್ಟೆ ಹಾಕಿದರೆ ಟೈಲ್ಸ್ ಗೀರುವುದಿಲ್ಲ. ಗೋಡೆಗೆ ಒತ್ತಿಕೊಂಡಂತೆ ಇಡಿ, ಎರಡು ಹಲಗೆಗಿಂತ ಎತ್ತರ ಬೇಡ.

ಪ್ಯಾಕಿಂಗ್ ಪ್ಯಾಲೆಟ್, ಅಂದರೆ ಸರಕು ಇಟ್ಟು ಸಾಗಿಸುವ ಮರದ ಚೌಕಟ್ಟು, ತಂದು ಮಂಚ ಮಾಡುವವರಿಗೆ ಒಂದು ಮಾತು. ವಿದೇಶಕ್ಕೆ ಹೋಗಿ ಬರುವ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತದೆ. 'ಎಚ್‌ಟಿ' ಅಂದರೆ ಬಿಸಿ ಮಾಡಿ ಹುಳು ಕೊಂದದ್ದು. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಅನಿಲ ಹಾಕಿದ್ದು. ಎರಡನೆಯದನ್ನು ಮನೆಯೊಳಗೆ ತರಬೇಡಿ.

ಫರ್ನಿಚರ್ ಬಾಡಿಗೆಗೆ ತಗೊಂಡರೆ?

ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಇರುತ್ತೇನೆ ಅಂತ ಗಟ್ಟಿಯಾಗಿ ಗೊತ್ತಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಹಾಕಿ. ತಿಂಗಳ ಬಾಡಿಗೆಯನ್ನು 12ರಿಂದ ಗುಣಿಸಿ, ಅದೇ ವಸ್ತುವಿನ ಸೆಕೆಂಡ್ ಹ್ಯಾಂಡ್ ಬೆಲೆಯ ಪಕ್ಕ ಬರೆಯಿರಿ. ಡೆಪಾಸಿಟ್ ಎಷ್ಟು, ಗೀರಾದರೆ ಎಷ್ಟು ಹಿಡಿಯುತ್ತಾರೆ, ನಡುವೆ ಬಿಟ್ಟರೆ ದಂಡ ಎಷ್ಟು, ಈ ಮೂರನ್ನೂ ಓದಿಯೇ ಒಪ್ಪಿಕೊಳ್ಳಿ.

ಬಡ್ಡಿಯಿಲ್ಲದ ಇಎಂಐ ಇದೆ ಅಂತಾರೆ, ತಗೊಳ್ಳಲಾ?

ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಅಂತ ಮೊದಲು ಕೇಳಿ. ಆ ರಿಯಾಯಿತಿ ಇಎಂಐಗೆ ಸಿಗದಿದ್ದರೆ ಅದೇ ಬಡ್ಡಿ. ಪ್ರೊಸೆಸಿಂಗ್ ಫೀಸನ್ನೂ ಸೇರಿಸಿ. ಮೊದಲ ಮನೆ ಮಾಡಿದ ವರ್ಷ ತಿಂಗಳು ತಿಂಗಳು ಕಟ್ಟುವ ಕಂತು ಒಂದಕ್ಕಿಂತ ಜಾಸ್ತಿ ಇರಬಾರದು ಅನ್ನೋದು ನನ್ನ ಅಭಿಪ್ರಾಯ.

ಅಡುಗೆಮನೆಗೆ ಏನೇನು ಬೇಕು? ಗ್ಯಾಸಾ, ಇಂಡಕ್ಷನ್ನಾ?

ಹೊಸ ವಿಳಾಸಕ್ಕೆ 14.2 ಕೆಜಿ ಸಿಲಿಂಡರಿನ ಕನೆಕ್ಷನ್ ಸಿಗುವ ತನಕ 5 ಕೆಜಿಯ ಸಣ್ಣ ಸಿಲಿಂಡರ್ ತಗೊಳ್ಳಬಹುದು. ಅದಕ್ಕೆ ಮನೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಗ್ಯಾಸ್ ಏಜೆನ್ಸಿಯಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಬೀದಿ ಬದಿಯಲ್ಲಿ ದೊಡ್ಡ ಸಿಲಿಂಡರಿನಿಂದ ತುಂಬಿಸಿಕೊಡುವ ಕಡೆ ಹೋಗಬೇಡಿ, ಅದು ಅಪಾಯ, ಕಾನೂನಿಗೂ ವಿರುದ್ಧ.

ಇಂಡಕ್ಷನ್ ಒಬ್ಬರಿಗೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಮೊದಲೇ ಹೇಳಿದ ಸಾಕೆಟ್ ವಿಷಯ ಇಲ್ಲಿ ಬರುತ್ತದೆ. ಸಾಮಾನ್ಯ ಸಣ್ಣ ಸಾಕೆಟ್ 6 ಆಂಪಿಯರ್. 230 ವೋಲ್ಟ್‌ಗೆ ಗುಣಿಸಿದರೆ 1,380 ವ್ಯಾಟ್. ಇಂಡಕ್ಷನ್ ಸ್ಟವ್ ಪೂರ್ತಿ ಉರಿಯಲ್ಲಿ 2,000 ವ್ಯಾಟ್ ತನಕ ಎಳೆಯುತ್ತದೆ. ಸಣ್ಣ ಸಾಕೆಟ್ಟಿಗೆ, ಅದರಲ್ಲೂ ಅಗ್ಗದ ಎಕ್ಸ್‌ಟೆನ್ಷನ್ನಿಗೆ ಹಾಕಿದರೆ ಪ್ಲಗ್ ಕಾದು ಕರಗುತ್ತದೆ. 16 ಆಂಪಿಯರ್ ಸಾಕೆಟ್ ಇಲ್ಲದಿದ್ದರೆ ಓನರನ್ನು ಕೇಳಿ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ.

ಪಾತ್ರೆ ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಫ್ರಿಜ್ ಮೇಲೆ ಅಂಟಿಸುವ ಗೊಂಬೆ ಆದರೂ ಸಾಕು. ತಳಕ್ಕೆ ಅಂಟಿದರೆ ಇಂಡಕ್ಷನ್ನಿಗೆ ಆಗುತ್ತದೆ. ಬರೀ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಆಗುವುದಿಲ್ಲ. ಊರಿಂದ ಅಮ್ಮ ಕೊಟ್ಟ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ.

ನಾನು ಮೊದಲ ವಾರ ತಂದದ್ದು: 3 ಲೀಟರಿನ ಕುಕ್ಕರ್, ಒಂದು ಬಾಣಲೆ, ದೋಸೆ ಕಾವಲಿ, ಹಾಲಿನ ಪಾತ್ರೆ, ಎರಡು ತಟ್ಟೆ, ಎರಡು ಲೋಟ, ಒಂದು ಸೌಟು, ಒಂದು ಚಾಕು, ಮಸಾಲೆ ಡಬ್ಬಿ. ಇಷ್ಟರಲ್ಲೇ ಅನ್ನ, ಸಾರು, ಪಲ್ಯ, ಉಪ್ಪಿಟ್ಟು, ದೋಸೆ ಎಲ್ಲ ಆಗುತ್ತದೆ. ದೋಸೆ ಹಿಟ್ಟು ಅಂಗಡಿಯದ್ದು, ಮಿಕ್ಸಿ ಮೂರನೇ ತಿಂಗಳು ಬಂತು. ಸ್ಟೀಲ್ ಪಾತ್ರೆಯನ್ನು ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆ ನೋಡಿ. ಎತ್ತಿ ನೋಡಿ ತಗೊಳ್ಳಿ, ತಳ ತೆಳ್ಳಗಿದ್ದರೆ ಪಲ್ಯ ಸೀದು ಹೋಗುತ್ತದೆ. ಕುಕ್ಕರಿಗೆ ಐಎಸ್‌ಐ ಗುರುತು ಇರಲೇಬೇಕು. ಕಾಫಿಪುಡಿ, ಹಾರ್ಲಿಕ್ಸ್ ಬಾಟಲಿ ಬಿಸಾಡಬೇಡಿ, ಬೇಳೆಕಾಳು ತುಂಬಿಡಲು ಅವೇ ಸಾಕು.

ಫ್ರಿಜ್, ವಾಷಿಂಗ್ ಮೆಷಿನ್?

ಎರಡರಲ್ಲಿ ಫ್ರಿಜ್ ಮೊದಲು. ಹೊರಗಿನ ಊಟ ಕಡಿಮೆಯಾಗಿ ಅದರ ದುಡ್ಡು ಬೇಗ ಹುಟ್ಟುತ್ತದೆ. ಹಳೇದು ತಗೊಳ್ಳುವಾಗ ಬಾಗಿಲಿನ ರಬ್ಬರ್ ನಡುವೆ ಒಂದು ನೋಟು ಇಟ್ಟು ಬಾಗಿಲು ಮುಚ್ಚಿ. ನೋಟು ಸಲೀಸಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ ಅಂತ ಅರ್ಥ. ಗಾಡಿಯಲ್ಲಿ ನಿಲ್ಲಿಸಿಯೇ ತನ್ನಿ. ತಂದ ಮೇಲೆ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಿ. ವಾಷಿಂಗ್ ಮೆಷಿನ್ ಒಬ್ಬರಿದ್ದರೆ ಮೊದಲ ವರ್ಷ ಬೇಡ.

ಕರೆಂಟ್ ಬಿಲ್ ಕಡಿಮೆ ಬರುವಂತೆ ಏನು ಮಾಡಲಿ?

ಫ್ಯಾನ್ ನೀವೇ ತರಬೇಕಾದರೆ ಬಿಎಲ್‌ಡಿಸಿ ಫ್ಯಾನ್ ತನ್ನಿ. ಹಳೇ ಮಾದರಿಯ ಫ್ಯಾನ್ ಸುಮಾರು 75 ವ್ಯಾಟ್, ಇದು ಸುಮಾರು 30. ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು.

ಗೃಹಜ್ಯೋತಿ ಬಾಡಿಗೆ ಮನೆಯವರಿಗೂ ಸಿಗುತ್ತದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರಿಗೆ ಜೋಡಣೆ ಆಗಿದ್ದರೆ ಅದನ್ನು ಮೊದಲು ತೆಗೆಸಬೇಕು. ಅಡ್ವಾನ್ಸ್ ಕೊಡುವ ದಿನವೇ ಓನರ್ ಹತ್ತಿರ ಈ ಮಾತು ಆಡಿಬಿಡಿ.

ಓನರ್ ಮೊಳೆ ಹೊಡೆಯಬೇಡಿ ಅಂದಿದ್ದಾರೆ. ಗೋಡೆ ಬೋಳು ಬೋಳು. ಏನು ಮಾಡಲಿ?

ಮೊದಲು ಇರುವ ಮೊಳೆ ಎಣಿಸಿ. ಹಿಂದಿನವರು ಹೊಡೆದದ್ದು ಐದಾರು ಇದ್ದೇ ಇರುತ್ತವೆ. ಅಂಟು ಹುಕ್ಕು ಟೈಲ್ಸ್, ಗಾಜು, ಲ್ಯಾಮಿನೇಟ್ ಬಾಗಿಲಿನ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಡಿಸ್ಟೆಂಪರ್ ಗೋಡೆ ಮೇಲೆ ನಿಲ್ಲುವುದಿಲ್ಲ, ಬೀಳುವಾಗ ಬಣ್ಣದ ಚಕ್ಕೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಬೆರಳಿಂದ ಗೋಡೆ ಉಜ್ಜಿ ನೋಡಿ, ಬಿಳಿ ಪುಡಿ ಬಂದರೆ ಅಂಟು ಬೇಡ. ಕಿಟಕಿ ಸರಳಿನಿಂದ ಸರಳಿಗೆ ಸೆಣಬಿನ ದಾರ ಕಟ್ಟಿ, ಫೋಟೋಗಳನ್ನು ಕ್ಲಿಪ್ಪಿನಲ್ಲಿ ನೇತುಹಾಕಿ. ದೊಡ್ಡ ಚಿತ್ರವನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿಡಿ.

ದುಡ್ಡು ಮುಗಿದಿದೆ. ಆದರೂ ಮನೆ ಚೆಂದ ಕಾಣಬೇಕು.

ಬೆಳಕು ಬದಲಿಸಿ. ಬಾಡಿಗೆ ಮನೆಯಲ್ಲಿ ಸಾಮಾನ್ಯವಾಗಿ ಒಂದು ಬಿಳಿ ಟ್ಯೂಬ್‌ಲೈಟ್, ಅದೂ ನೆತ್ತಿ ಮೇಲೆ. ಅದು ಅಡುಗೆಗೆ, ಓದಿಗೆ ಸರಿ. ಸಂಜೆ ಕೂರಲು ಅಲ್ಲ. 2,700 ಅಥವಾ 3,000 ಕೆಲ್ವಿನ್ ಅಂತ ಬರೆದಿರುವ ಹಳದಿ ಬಣ್ಣದ ಬಲ್ಬು ತನ್ನಿ. ಒಂದು ಮೂಲೆಯಲ್ಲಿ, ಕೂತರೆ ಕಣ್ಣಿನ ಎತ್ತರಕ್ಕೆ ಬರುವಂತೆ ಹಾಕಿ. ನೂರು ಚಿಲ್ಲರೆ ರೂಪಾಯಿಯಲ್ಲಿ ಮನೆ ಬೇರೆಯೇ ಆಗುತ್ತದೆ.

ಆಮೇಲೆ ಬಟ್ಟೆ. ನಮ್ಮಲ್ಲಿ ಇಷ್ಟೊಂದು ಚೆಂದದ ಬಟ್ಟೆ ಇರುವಾಗ ಪ್ಲಾಸ್ಟಿಕ್ ಹೂವು, ಅಂಟಿಸುವ ವಾಲ್‌ಪೇಪರ್ ಯಾಕೆ ತರಬೇಕು? ನನ್ನ ಅಜ್ಜಿ ಹೊಲಿದ ಕೌದಿ ಒಂದು ಟ್ರಂಕಿನಲ್ಲಿ ಮಡಚಿ ಬಿದ್ದಿತ್ತು. ಊರಿಗೆ ಹೋದಾಗ ಕೇಳಿ ತಂದೆ. ನಡುವೆ ಅವ್ವನ ಹಸಿರು ಇಳಕಲ್ ಸೀರೆಯ ಚೂರು, ಪಕ್ಕದಲ್ಲಿ ಅಜ್ಜನ ಧೋತರದ ಬಿಳಿ, ಅಂಚಿಗೆ ನನ್ನದೇ ಲಂಗದ ಹೂವಿನ ಬಟ್ಟೆ. ಬೆರಳಾಡಿಸಿದರೆ ಸಾಲು ಸಾಲು ಹೊಲಿಗೆ ತಾಕುತ್ತದೆ. ಒಂದು ಕಡೆ ಸಾಲು ಸ್ವಲ್ಪ ಸೊಟ್ಟ, ಅಲ್ಲಿ ಅಜ್ಜಿಗೆ ಕಣ್ಣು ಮಂಜಾಗಿತ್ತಂತೆ. ಅದನ್ನು ಹಾಸಿಗೆ ಮೇಲೆ ಹಾಸಿದ ದಿನದಿಂದ ಮನೆಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ. ಉತ್ತರ ಕರ್ನಾಟಕದವರ ಮನೆಯಲ್ಲಿ ಇಂಥ ಕೌದಿ ಒಂದಾದರೂ ಇರುತ್ತದೆ. ಕೇಳಿ ನೋಡಿ.

ನೆಲಕ್ಕೆ ಜಮಖಾನೆ ಹಾಕಿ. ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಲ್ಲಿನ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುತ್ತಾರೆ. ಅದಕ್ಕೆ ದುಡ್ಡು ಕೂಡಿಸಬೇಕು, ಆದರೆ ಕೂಡಿಸಿ ಕೊಳ್ಳುವಂಥದ್ದೇ. ಅಲ್ಲಿಯವರೆಗೆ ಸಾದಾ ಪಟ್ಟೆಯ ಹತ್ತಿ ಜಮಖಾನೆ ಸಾಕು. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿಯಿಂದ ರಿಯಾಯಿತಿ ಶುರುವಾಗುತ್ತದೆ, ಬೆಡ್‌ಶೀಟ್, ಟವೆಲ್, ದಿಂಬಿನ ಕವರನ್ನು ಆಗಲೇ ತಗೊಳ್ಳಿ. ಮೈಸೂರು ಕಡೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದರೆ ಅರಗಿನ ಬಣ್ಣದ ಒಂದು ಮರದ ಬಟ್ಟಲೋ ಗೊಂಬೆಯೋ ಸಿಗುತ್ತದೆ. ಕಿಟಕಿ ಕಟ್ಟೆ ಮೇಲೆ ಒಂದೇ ಒಂದು ಇಡಿ.

ಪರದೆ ಎಷ್ಟು ಉದ್ದ ತರಲಿ?

ರೆಡಿಮೇಡ್ ಪರದೆ ಸಾಮಾನ್ಯವಾಗಿ 5, 7, 9 ಅಡಿ. ಕಿಟಕಿಗೆ 5, ಬಾಗಿಲಿಗೆ 7. ಅಗಲ ಕಿಟಕಿಯ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಬಟ್ಟೆ ಒಣಗಿಸಿದಂತೆ ಕಾಣುತ್ತದೆ. ಹಳೇ ಕಾಟನ್ ಸೀರೆಯಿಂದ ಬೀದಿ ಟೈಲರ್ ಎರಡು ಪರದೆ ಹೊಲಿದುಕೊಡುತ್ತಾರೆ. ಬೆಳಕು ಸೋಸಿ ಬರುತ್ತದೆ, ನನಗೆ ಅದೇ ಇಷ್ಟ.

ಗಿಡ ಇಡಬೇಕು ಅಂತ ಆಸೆ. ನರ್ಸರಿ ಬೆಲೆ ಜಾಸ್ತಿ.

ದೊಡ್ಡಪತ್ರೆ, ಮನಿ ಪ್ಲಾಂಟ್ ಕೊಳ್ಳಲೇಬೇಡಿ. ಪಕ್ಕದ ಮನೆಯವರನ್ನು ಒಂದು ಕಡ್ಡಿ ಕೇಳಿ. ದೊಡ್ಡಪತ್ರೆ ಮಣ್ಣಿಗೆ ಚುಚ್ಚಿದರೆ ಸಾಕು. ಮನಿ ಪ್ಲಾಂಟನ್ನು ಗಂಟಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಟ್ಟರೆ ಬೇರು ಬಿಡುತ್ತದೆ. ಉಳಿದದ್ದಕ್ಕೆ ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿ ಸಾಲು ಇದೆ. ಮಣ್ಣಿನ ಕುಂಡಕ್ಕೆ ಪಾಟರಿ ಟೌನ್. ಬಾಲ್ಕನಿ ಇಲ್ಲದ, ಬಿಸಿಲು ಬಾರದ ಮನೆಗೆ ತುಳಸಿ ತಂದು ಒಣಗಿಸಬೇಡಿ.

ಸೋಫಾ ಬೇಕೇ ಬೇಕಾ?

ನಾನು ತಂದಿದ್ದೆ. 6,500 ರೂಪಾಯಿಗೆ ಮೂರು ಜನ ಕೂರುವ ಹಳೇ ಮರದ ಸೋಫಾ. 30 × 40 ಸೈಟಿನ ಕಟ್ಟಡದ ಮೆಟ್ಟಿಲು ಎರಡೂವರೆ ಅಡಿ ಅಗಲ, ಮೊದಲ ಮಹಡಿಯಲ್ಲಿ ತಿರುವು. ಆ ತಿರುವಿನಲ್ಲಿ ಸೋಫಾ ಸಿಕ್ಕಿಕೊಂಡಿತು. ನಿಲ್ಲಿಸಿದರೂ ಆಗಲಿಲ್ಲ, ಮಲಗಿಸಿದರೂ ಆಗಲಿಲ್ಲ. ಗೋಡೆಯ ಬಣ್ಣ ಕಿತ್ತು ಬಂತು. ಕೊನೆಗೆ ಕೆಳಗಿನ ಮನೆಯವರಿಗೆ 4,000ಕ್ಕೆ ಕೊಟ್ಟೆ. ಆ ರಾತ್ರಿ ತುಂಬಾ ಬೇಜಾರಾಗಿತ್ತು, ಅದು ಎರಡು ತಿಂಗಳು ಉಳಿಸಿದ ದುಡ್ಡು.

ದೊಡ್ಡ ವಸ್ತು ಕೊಳ್ಳುವ ಮೊದಲು ಗೇಟು, ಮೆಟ್ಟಿಲಿನ ತಿರುವು, ಬಾಗಿಲು ಮೂರನ್ನೂ ಅಳೆಯಿರಿ. ಆಮೇಲೆ ನ್ಯೂಸ್‌ಪೇಪರ್ ಹಾಸಿ ಆ ವಸ್ತುವಿನ ಅಳತೆಯನ್ನು ನೆಲದ ಮೇಲೆ ಗುರುತು ಮಾಡಿ. ಎರಡು ದಿನ ಅದರ ಸುತ್ತ ಓಡಾಡಿ ನೋಡಿ. ಸೋಫಾ ಬದಲು ನೆಲದ ಮೇಲೆ ಗಾದಿ, ಗೋಡೆಗೆ ನಾಲ್ಕು ದಿಂಬು. ಮಂಡಿ ನೋವಿರುವ ಹಿರಿಯರು ಬಂದರೆ ಕೈ ಇರುವ ಎರಡು ಪ್ಲಾಸ್ಟಿಕ್ ಕುರ್ಚಿ.

ಇಬ್ಬರು ಸೇರಿ ಮನೆ ಮಾಡಿದ್ದೇವೆ. ಸಾಮಾನಿನ ಖರ್ಚು ಅರ್ಧ ಅರ್ಧ ಹಾಕೋಣವಾ?

ಬೇಡ. ಫ್ರಿಜ್ ಒಬ್ಬರು ಕೊಳ್ಳಿ, ಸ್ಟವ್ ಕುಕ್ಕರ್ ಇನ್ನೊಬ್ಬರು ಕೊಳ್ಳಿ. ಯಾರದು ಯಾವುದು ಅಂತ ಮೊದಲ ದಿನವೇ ಬರೆದಿಡಿ. ಒಬ್ಬರಿಗೆ ಮದುವೆಯೋ ವರ್ಗವೋ ಆದಾಗ ಅರ್ಧ ಫ್ರಿಜ್ ಹಂಚಲು ಆಗುವುದಿಲ್ಲ, ಸ್ನೇಹಕ್ಕೆ ಅದರಿಂದ ಪೆಟ್ಟು ಬೀಳುವುದನ್ನು ನೋಡಿದ್ದೇನೆ.

ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲಿ ಮಲಗಿಸಲಿ?

ನಿಮ್ಮ ಹಾಸಿಗೆ ಅವರಿಗೆ ಕೊಡಿ. ನಿಮಗೆ ಮೂರು ಮಡಿಕೆಯ ಫೋಮ್ ಹಾಸಿಗೆ ಒಂದಿರಲಿ. ಹಗಲು ಮಡಚಿ, ಮೇಲೆ ಜಮಖಾನೆ ಹಾಕಿದರೆ ಕೂರುವ ಪೀಠ. ಅಮ್ಮ ಬರುವಾಗ ಏನಾದರೂ ತರಲಾ ಅಂತ ಕೇಳಿಯೇ ಕೇಳುತ್ತಾರೆ. ಸುಮ್ನೆ ಬೇಡ ಅನ್ನಬೇಡಿ. ಈಳಿಗೆಮಣೆ, ಹಳೇ ಕಂಬಳಿ, ಒಂದು ಹಿತ್ತಾಳೆ ಚೊಂಬು ಕೇಳಿ.

ಮುಂದೆ ಮನೆ ಖಾಲಿ ಮಾಡುವಾಗ ದುಡ್ಡು ಹಿಡಿಯದಂತೆ ಏನು ಮಾಡಲಿ?

ಕೀ ಕೈಗೆ ಬಂದ ದಿನವೇ, ಸಾಮಾನು ಇಡುವ ಮೊದಲು, ಎಲ್ಲ ಗೋಡೆ, ನಲ್ಲಿ, ಸಿಂಕು, ಬಾಗಿಲಿನ ವಿಡಿಯೋ ಮಾಡಿ. ಅದನ್ನು ಓನರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ತಾರೀಖು ಅದರಲ್ಲೇ ಉಳಿಯುತ್ತದೆ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ಎಷ್ಟು ಅಂತ ಅಗ್ರಿಮೆಂಟಿನಲ್ಲೇ ಬರೆಸಿ.

ಸಾಮಾನು ಹತ್ತಿಸುವ ದಿನ ಗಿಡಗಳನ್ನು ಕೊನೆಗೆ ಹತ್ತಿಸಿ, ಹೊಸ ಮನೆಯಲ್ಲಿ ಮೊದಲು ಇಳಿಸಿ. ಹಿಂದಿನ ರಾತ್ರಿ ನೀರು ಹಾಕಬೇಡಿ, ಕುಂಡ ಭಾರ ಆಗುತ್ತದೆ. ಬಲ್ಬುಗಳಲ್ಲಿ ಒಂದನ್ನು ಹಾಲ್‌ನಲ್ಲೇ ಬಿಟ್ಟು ಬನ್ನಿ, ಮುಂದೆ ಬರುವವರಿಗೆ.